ಹೆಸರು ಹೇಳದೆ ಬಡಿಸದ ಮನೆ

ನಮ್ಮ ಮನೆಯಲ್ಲಿ ಯಾವ ಅಡುಗೆಯೂ ಸುಮ್ಮನೆ ತಟ್ಟೆಗೆ ಬೀಳುತ್ತಿರಲಿಲ್ಲ. ಅದನ್ನು ಯಾರಿಂದ ಕಲಿತದ್ದು ಎಂದು ಹೇಳಿಯೇ ಉಮ್ಮ ಬಡಿಸುತ್ತಿದ್ದಳು. ಪಿಂಡಿ, ಅಂದರೆ ಮಾಂಸದ ಸಾರಿನಲ್ಲಿ ಬೇಯಿಸಿದ ಅಕ್ಕಿಹಿಟ್ಟಿನ ಪುಟ್ಟ ಉಂಡೆಗಳು, ಅವಳ ದೊಡ್ಡಮ್ಮ ಬೀಪಾತುಮ್ಮನದ್ದು. ಬಂಗುಡೆ ಸಾರು ಊರಿನ ನೆರೆಮನೆಯ ಲಲಿತಕ್ಕನದ್ದು. ಮೊಸರನ್ನದ ಒಗ್ಗರಣೆ ಕೂಡ ಎದುರು ಬಾಗಿಲಿನ ತಮಿಳು ಹೆಂಗಸು ಸೆಲ್ವಿಯದ್ದು. ಇದು ಉಮ್ಮನ ಮಟ್ಟಿಗೆ ಬಿಸ್ಮಿಲ್ಲಾ ಹೇಳಿದಷ್ಟೇ ಸಹಜ. ಹೊರಗಿನವರು ಯಾರಾದರೂ ‘ಇದು ನನಗೇ ಹೊಳೆದದ್ದು’ ಎಂದರೆ ಸಾಕು, ಅವಳ ಹುಬ್ಬು ಮೇಲೇರುತ್ತಿತ್ತು. ಅವಳ ಅನುಮಾನಕ್ಕೆ ಸಿಗದವರು ನಾವಿದ್ದ ಗಲ್ಫಿನ ಎಣ್ಣೆಯೂರು ಅಬ್ಕೈಕ್‌ನಲ್ಲಿ ಕಡಿಮೆ. ಹಾಲಿನ ಡಬ್ಬಿಯ ತಾರೀಕು ನಂಬುತ್ತಿರಲಿಲ್ಲ, ಸ್ಕೂಲ್ ಬಸ್ಸಿನ ಡ್ರೈವರನ ನಗು ನಂಬುತ್ತಿರಲಿಲ್ಲ, ಕೆಳಗಿನ ಲಾಂಡ್ರಿಯವನು ನಮ್ಮ ದಿಂಬಿನ ಕವರುಗಳನ್ನು ಬೇರೆಯವರಿಗೆ ಕೊಟ್ಟು ಬೇರೆಯವರದ್ದನ್ನು ನಮಗೆ ಕೊಡುತ್ತಾನೆ ಎಂದು ಖಂಡಿತವಾಗಿ ಹೇಳುತ್ತಿದ್ದಳು. ಉಪ್ಪ ನಕ್ಕುಬಿಡುತ್ತಿದ್ದರು. ನಾನು ನಗುತ್ತಿರಲಿಲ್ಲ. ಹತ್ತು ವರ್ಷದವಳಾದ ನಾನು ಉಮ್ಮನ ಗುಪ್ತಚರಳಾಗಿದ್ದೆ.

ಅದಕ್ಕೆ ನಮ್ಮ ಮನೆಯ ರಚನೆಯೇ ಕಾರಣ. ಲಾಂಡ್ರಿಯ ಮೇಲಿನ ಎರಡೇ ಕೋಣೆ. ಮುಂದಿನದು ಮಜ್ಲಿಸ್, ಅತಿಥಿಗಳು ಕೂರುವ ಕೋಣೆ. ನೆಲಕ್ಕೆ ಕೆಂಪು ಕಾರ್ಪೆಟ್, ಗೋಡೆಗೆ ಒರಗಿಸಿಟ್ಟ ದಿಂಬುಗಳು, ಕಿಟಕಿಯಲ್ಲಿ ಗುರುಗುಟ್ಟುವ ಹಳೇ ಎಸಿ. ಗಂಡಸರು ಬಂದರೆ ಉಮ್ಮ ಅಡುಗೆಮನೆಯ ಪರದೆಯ ಆಚೆ ಉಳಿಯುತ್ತಿದ್ದಳು. ತಟ್ಟೆಗಳನ್ನು ಒಯ್ಯುವುದು ನಾನು, ಮಾತುಗಳನ್ನು ತರುವುದೂ ನಾನು. ತಮ್ಮ ಸಮೀರ್ ಇನ್ನೂ ಚಿಕ್ಕವನು, ಅವನ ಕೈಗೆ ನೀರಿನ ಲೋಟ ಮಾತ್ರ. ಇಂಗ್ಲಿಷ್ ಮಾತಾಡುವ ಅತಿಥಿ ಬಂದರೆ ನನ್ನ ಬೆಲೆ ಇನ್ನೂ ಏರುತ್ತಿತ್ತು. ಉಪ್ಪನ ಇಂಗ್ಲಿಷ್ ಪೈಪು, ವಾಲ್ವುಗಳ ಆಚೆ ಹೋಗುತ್ತಿರಲಿಲ್ಲ. ಇಂಡಿಯನ್ ಸ್ಕೂಲಿನಲ್ಲಿ ಕಲಿಯುತ್ತಿದ್ದ ನಾನು ಅತಿಥಿ ಹೇಳಿದ್ದನ್ನೆಲ್ಲ ಬ್ಯಾರಿ ಭಾಷೆಗೆ ತಿರುಗಿಸಿ ಪರದೆಯ ಹಿಂದೆ ಸುರಿಯುತ್ತಿದ್ದೆ. ಉಮ್ಮ ಅದನ್ನು ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಆರಿಸುತ್ತಿದ್ದಳು.

ಮಜ್ಲಿಸಿನ ಗೋಡೆಯ ಮೊಳೆಯಲ್ಲಿ, ಹಸಿರು ಬಟ್ಟೆಯ ಚೀಲದೊಳಗೆ, ಉಪ್ಪನ ದಫ್ ತೂಗುತ್ತಿತ್ತು. ಮರದ ಬಳೆಗೆ ಆಡಿನ ಚರ್ಮ ಬಿಗಿದ ಅಗಲದ ವಾದ್ಯ. ಊರಲ್ಲಿ ಉಪ್ಪ ದಫ್ ತಂಡದಲ್ಲಿದ್ದವರು. ಮಳೆಗಾಲದಲ್ಲಿ ಅಲ್ಲಿ ಚರ್ಮ ಸಡಿಲಾಗಿ ಕೆಂಡಕ್ಕೆ ಹಿಡಿಯಬೇಕಂತೆ. ಅಬ್ಕೈಕ್‌ನ ಒಣಗಾಳಿಯಲ್ಲಿ ಅದು ತಿರುಗುಮುರುಗು. ಚರ್ಮ ಬಿಗಿದು ಬಿರಿಯುವಂತಾಗುತ್ತಿತ್ತು, ಉಪ್ಪ ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ಅದನ್ನು ಸಮಾಧಾನಪಡಿಸುತ್ತಿದ್ದರು. ಶುಕ್ರವಾರ ಜುಮಾ ಮುಗಿಸಿ ಬಂದು, ಊಟಕ್ಕೆ ಮೊದಲು, ಒಂದೇ ಒಂದು ಹಾಡು. ದೋಣಿಗಳು ಅಳಿವೆ ದಾಟುವ ಹಾಡು. ಅದನ್ನು ಕಟ್ಟಿದವರು ಉಪ್ಪನ ಗುರು ಪುತ್ತುಮೋನು ಉಸ್ತಾದ್. ಹಾಡಿಗೆ ಮುಂಚೆ ಉಪ್ಪ ಕಣ್ಣು ಮುಚ್ಚಿ ಸಲಾಂ ಹೇಳಬೇಕು. ಪುತ್ತುಮೋನು ಉಸ್ತಾದರಿಗೆ, ಅವರಿಗೆ ಕಲಿಸಿದ ಹಸೈನಾರ್ ಉಸ್ತಾದರಿಗೆ, ಅವರಿಗೆ ಕಲಿಸಿದ ಮೂಸಬ್ಬ ಉಸ್ತಾದರಿಗೆ, ಹೀಗೆ ಹಿಂದೆ ಹಿಂದೆ ಹೋಗಿ, ಕೊನೆಗೆ ‘ನಾವು ಹೆಸರು ಕಳೆದುಕೊಂಡವರಿಗೂ’ ಎಂದು ಮುಗಿಸಿದ ಮೇಲೆಯೇ ಕೈ ಚರ್ಮದ ಮೇಲೆ ಬೀಳುವುದು. ಹಸಿದ ನಮಗೆ ಈ ಪಟ್ಟಿ ಬಹಳ ಉದ್ದವಾಗಿತ್ತು. ಸಮೀರ್ ಪ್ರತಿ ವಾರವೂ ಅದರ ಮಧ್ಯೆ ಒಮ್ಮೆ ಆಕಳಿಸುತ್ತಿದ್ದ.

ಮಿಸ್ಟರ್ ಡೇಲ್ ನಮ್ಮ ಮನೆಗೆ ಬಂದದ್ದು ಈ ದಫ್‌ನ ದೆಸೆಯಿಂದ. ಆತ ಎಣ್ಣೆಯ ಪ್ಲಾಂಟಿನಲ್ಲಿ ಉಪ್ಪನ ಮೇಲಧಿಕಾರಿ, ಬಿಳಿಯ ಅಮೆರಿಕನ್, ಗೋಡೆ ಕಟ್ಟಿದ ಕಾಂಪೌಂಡಿನೊಳಗೆ ಒಬ್ಬನೇ ಇರುತ್ತಿದ್ದವನು. ಊಟದ ಬಿಡುವಿನಲ್ಲಿ ಉಪ್ಪ ಟೂಲ್ ಬಾಕ್ಸಿನ ಮುಚ್ಚಳದ ಮೇಲೆ ಬೆರಳಾಡಿಸುತ್ತಿದ್ದದ್ದು ಅವನ ಕಿವಿಗೆ ಬಿತ್ತು. ನಿಮ್ಮಲ್ಲಿ ಹಾಡುಗಳುಂಟಾ ಎಂದು ಕೇಳಿದನಂತೆ. ಉಂಟು ಎಂದ ಉಪ್ಪ ಮಾತಿಗೆ ಮನೆಗೆ ಬನ್ನಿ ಎಂದರು, ಆತ ನಿಜವಾಗಿಯೂ ಬಂದುಬಿಟ್ಟ. ದೊಡ್ಡ ಅಧಿಕಾರಿಯೊಬ್ಬ ನಮ್ಮ ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೈಯಿಂದ ಪಿಂಡಿ ತಿಂದದ್ದನ್ನು ನಾನು ಸ್ಕೂಲಿನಲ್ಲಿ ಎಷ್ಟು ಜನರಿಗೆ ಹೇಳಿದೆನೋ. ಊಟವಾದ ಮೇಲೆ ಆತ ತನ್ನ ಊರಿನ ಹಾಡೊಂದನ್ನು ಹಾಡಿದ. ದನಿ ಎಲ್ಲಿಂದಲೋ, ಹೊಟ್ಟೆಯ ಆಳದಿಂದ ಬರುತ್ತಿತ್ತು. ಮಾತಾಡುವಾಗಿನ ದನಿಯೇ ಅಲ್ಲ ಅದು. ಒಂದು ಸಾಲು ಹಾಡಿ ನಿಲ್ಲಿಸುತ್ತಿದ್ದ, ಆಮೇಲೆ ಇನ್ನೊಂದು. ಆ ನಡುವಿನ ಖಾಲಿ ಜಾಗದಲ್ಲಿ ಸಮೀರನೂ ನಾನೂ ಚಪ್ಪಾಳೆ ಹೊಡೆದೆವು. ಡೇಲ್ ಖುಷಿಯಾಗಿ ಎರಡು ಮೂರು ಭೇಟಿಗಳಲ್ಲಿ ನಮಗೆ ಅದನ್ನು ಕಲಿಸಿಯೇ ಬಿಟ್ಟ. ನಮ್ಮ ನದಿಯ ದಡದ ಹಾಡು ಎಂದ. ನನಗೆ ಡೇಲ್ ಎಂದರೆ ಪ್ರಾಣ.

ಉಮ್ಮನಿಗೆ ಅಲ್ಲ. ಮೊದಲ ದಿನವೇ ಆತ ಒಂದು ಬಾಟಲಿ ಸಾಸ್ ತಂದಿದ್ದ, ಸುಟ್ಟ ಮಾಂಸಕ್ಕೆ ಸವರುವಂಥದ್ದು, ತಾನೇ ಮಾಡಿದ್ದು, ಅಜ್ಜನ ಮನೆಯ ರುಚಿಯಂತೆ. ಅದರಲ್ಲಿ ಹರಾಮಿನದ್ದು ಎಂತದಾದರೂ ಇರಬಹುದು ಎಂದು ಉಮ್ಮ ಅದನ್ನು ಫ್ರಿಜ್ಜಿನ ತಲೆಯ ಮೇಲೆ ಕೂರಿಸಿದಳು, ಅದು ಅಲ್ಲೇ ಕೂತಿತು. ಆದರೆ ಅವಳನ್ನು ಚುಚ್ಚಿದ್ದು ಬೇರೆ. ಯಾರ ಕೈಯ ಪಾಕ ಕೇಳಿ ಬಾ ಎಂದು ನನ್ನನ್ನು ಅಟ್ಟಿದಳು. ಡೇಲ್ ನಕ್ಕು, ಅಜ್ಜನ ಮನೆಯಲ್ಲಿ ಅಡುಗೆಗೆ ಒಬ್ಬ ಕರಿಯ ಮುದುಕನಿದ್ದ, ಅವನೇ ಹೊಂಡ ತೋಡಿ ಮಾಂಸ ಸುಡುತ್ತಿದ್ದ ಎಂದ. ಹೆಸರು? ಹೆಸರು ಗೊತ್ತಿಲ್ಲ, ಎಲ್ಲರೂ ಅಂಕಲ್ ಎನ್ನುತ್ತಿದ್ದರು. ನಾನು ಪರದೆಯ ಹಿಂದೆ ಬಂದು ಇಷ್ಟನ್ನೂ ಒಪ್ಪಿಸಿದೆ.

“ನಾವೂ ಅಂಕಲ್ ಹೇಳ್ತೇವೆ,” ಎಂದಳು ಉಮ್ಮ. “ಹೆಸರು ಗೊತ್ತಿದ್ದು ಹೇಳ್ತೇವೆ. ಅವನ ಕೈಯಲ್ಲಿ ತಿಂದು ಬೆಳೆದಿದ್ದಾನೆ, ಹೆಸರು ಗೊತ್ತಿಲ್ಲ ಅಂತೆ.”

ಅದೇ ಪ್ಲಾಂಟಿನಲ್ಲಿ ಇನ್ನೊಬ್ಬ ಅಮೆರಿಕನ್ ಇದ್ದ, ಇದ್ರೀಸ್. ವೆಲ್ಡಿಂಗ್ ಪರೀಕ್ಷಿಸುವ ಇನ್‌ಸ್ಪೆಕ್ಟರ್, ಕರಿಯ, ಬಹಳ ವರ್ಷಗಳ ಹಿಂದೆ ಮುಸ್ಲಿಮನಾದವನು. ಉಪ್ಪನಿಗೆ ಮಸೀದಿಯ ಪರಿಚಯ. ಡೇಲ್ ಅವನೊಂದಿಗೆ ಮಾತಾಡುವಾಗ ದನಿಯೇ ಬೇರೆಯಾಗುತ್ತದೆ, ನಡಿಗೆ ಕೂಡ ಬೇರೆ, ಕೈಗೆ ಕೈ ತಟ್ಟಿ ‘ಬ್ರದರ್’ ಎನ್ನುತ್ತಾನೆ, ಮೀಟಿಂಗಿನಲ್ಲಿ ಮಾತ್ರ ಅವನ ಮಾತನ್ನು ಅರ್ಧಕ್ಕೇ ಕತ್ತರಿಸುತ್ತಾನೆ ಎಂದು ಉಪ್ಪ ಒಮ್ಮೆ ಊಟದ ಹೊತ್ತಿನಲ್ಲಿ ಹೇಳಿದ್ದರು. ಆ ಇದ್ರೀಸನನ್ನು ಉಪ್ಪ ಒಂದು ಶುಕ್ರವಾರ ಊಟಕ್ಕೆ ಕರೆದುಕೊಂಡು ಬಂದರು. ಉಮ್ಮ ಪರದೆಯ ಸಂದಿಯಿಂದ ನೋಡಿ ಮೊದಲು ಕೇಳಿದ್ದು, ಇವನು ನಿಜವಾಗಿ ಅಮೆರಿಕದವನಾ ಎಂದು. ಪಾಸ್‌ಪೋರ್ಟ್ ನೋಡಿದ್ದಾರಾ ಉಪ್ಪ ಎಂದು. ಅಮೆರಿಕನ್ ಎಂದರೆ ಬೆಳ್ಳಗಿರಬೇಕು ಎಂಬುದು ನಮ್ಮ ಮನೆಯಲ್ಲಿ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿದ್ದ ಸಂಗತಿ. ನನ್ನ ಬಣ್ಣ ಕಪ್ಪಾಗುತ್ತದೆ ಎಂದು ಬಿಸಿಲಿಗೆ ಬಿಡದೆ ಕಡಲೆಹಿಟ್ಟು ತಿಕ್ಕುತ್ತಿದ್ದ ಕೈಯೇ ಅವಳದ್ದು. ಆ ದಿನ ಅವಳು ನನ್ನ ಕೈಗೆ ಒಳ್ಳೆಯ ಪಿಂಗಾಣಿ ತಟ್ಟೆ ಕೊಡಲಿಲ್ಲ, ದಿನದ ಸ್ಟೀಲ್ ತಟ್ಟೆ ಕೊಟ್ಟಳು. ಅದು ನನ್ನ ಕಣ್ಣಿಗೆ ಬಿತ್ತು, ಆದರೂ ಒಯ್ದು ಅವನ ಮುಂದಿಟ್ಟೆ.

ಅತಿಥಿಯನ್ನು ಮೆಚ್ಚಿಸಲು ನಾವು ಮಾಡಿದ್ದು ನಮ್ಮಂಥವರಷ್ಟೇ ಮಾಡಬಹುದಾದ ಕೆಲಸ. ಅಮೆರಿಕದವರು ಬಂದಿದ್ದಾರೆ, ಅಮೆರಿಕದ ಹಾಡು ಹಾಡಿ ಮಕ್ಕಳೇ ಎಂದರು ಉಪ್ಪ. ನಾವು ಎದ್ದು ನಿಂತು ಡೇಲ್ ಕಲಿಸಿದ ಹಾಡನ್ನು ಡೇಲ್‌ನದ್ದೇ ದನಿಯಲ್ಲಿ ಶುರುಮಾಡಿದೆವು. ಇದ್ರೀಸನ ಕೈ ತಟ್ಟೆಯಲ್ಲೇ ನಿಂತಿತು. ಮೊದಲ ಸಾಲು ಮುಗಿದು ನಾವು ಚಪ್ಪಾಳೆ ತಟ್ಟುವ ಜಾಗ ಬಂತು. ಅಲ್ಲಿ ಚಪ್ಪಾಳೆಗಿಂತ ಮೊದಲು ಅವನ ದನಿ ಬಂತು, ಬಹಳ ಕೆಳಗೆ, ತನಗೇ ಗೊತ್ತಿಲ್ಲದವನ ಹಾಗೆ. ಎರಡನೆಯ ಸಾಲಿನ ನಂತರವೂ ಬಂತು. ಡೇಲ್ ಖಾಲಿ ಬಿಟ್ಟಿದ್ದ ಪ್ರತಿಯೊಂದು ಜಾಗಕ್ಕೂ ಅವನಲ್ಲಿ ಒಂದು ಉತ್ತರವಿತ್ತು. ಒಬ್ಬ ಕೇಳುವುದು, ಉಳಿದವರು ಉತ್ತರಿಸುವುದು. ದಫ್ ತಂಡದಲ್ಲಿ ಬೆಳೆದ ಉಪ್ಪನಿಗೆ ತಿಳಿಯಲು ಅಷ್ಟು ಸಾಕಿತ್ತು, ಅವರ ಮುಖದ ನಗು ಹೋಯಿತು. ನಾವು ಅಷ್ಟು ದಿನ ಅರ್ಧ ಹಾಡನ್ನು ಪೂರ್ತಿ ಹಾಡೆಂದುಕೊಂಡು ಹಾಡಿದ್ದೆವು.

“ಇದನ್ನು ನಿಮಗೆ ಯಾರು ಕಲಿಸಿದ್ದು ಮಗಳೇ?” ಎಂದು ಕೇಳಿದ ಇದ್ರೀಸ್.

ನಾನು ಹೇಳಿದೆ. ಆತ ಸ್ವಲ್ಪ ಹೊತ್ತು ಪಿಂಡಿಯ ಉಂಡೆಯೊಂದನ್ನು ಬೆರಳಿನಿಂದ ಉರುಳಿಸುತ್ತಿದ್ದ. ಆಮೇಲೆ ನಿಧಾನವಾಗಿ, ನನಗೆ ಅರ್ಥವಾಗುವಷ್ಟು ಬಿಡಿಸಿ, ಹೇಳಿದ. ಹಾಡು ಅವನ ಅಜ್ಜಿಯದ್ದು, ಹೆಸರು ಹ್ಯಾಟಿ. ಜಗಲಿಯಲ್ಲಿ ಕೂತು ಅಲಸಂಡೆ ಸುಲಿಯುತ್ತ ಅವಳು ಸಾಲು ಎತ್ತಿದರೆ ಬೀದಿಯ ಹೆಂಗಸರು ತಮ್ಮ ತಮ್ಮ ಜಗಲಿಗಳಿಂದ ಉತ್ತರ ಕೊಡುತ್ತಿದ್ದರಂತೆ. ಅವನು ಅದನ್ನು ಊರಲ್ಲಿ ತಾನು ಕೆಲಸಕ್ಕಿದ್ದ ಹಡಗು ರಿಪೇರಿಯ ಯಾರ್ಡಿಗೆ ತಂದ, ಭಾರ ಎತ್ತುವಾಗ ಅವನ ಜೊತೆಯವರು ಹಾಡಿದರು. ಆಗಷ್ಟೇ ಕಾಲೇಜು ಮುಗಿಸಿ ಬಂದ ಡೇಲ್ ಅಲ್ಲಿ ದಿನಾ ಪಕ್ಕದಲ್ಲಿ ಕೂತು ಕೇಳುತ್ತಿದ್ದ. ಕೆಲವು ಸಮಯದ ನಂತರ ಪೇಟೆಯ ಸಭಾಂಗಣದಲ್ಲಿ ಡೇಲ್ ಅದನ್ನು ಗಿಟಾರಿನೊಂದಿಗೆ ಹಾಡಿದಾಗ ಇದ್ರೀಸ್ ಹಿಂದಿನ ಸಾಲಿನಲ್ಲಿ ನಿಂತಿದ್ದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಮ್ಮ ನದಿಯ ಹಾಡು ಎಂದ ಡೇಲ್. ಇದ್ರೀಸನ ತಂಗಿಯನ್ನು ತಲೆಗೆ ಅಂಟಿದಂತೆ ಹೆಣೆದ ಜಡೆ ಅಸಹ್ಯ ಎಂದು ಸ್ಕೂಲಿನಿಂದ ಮನೆಗೆ ಕಳಿಸಿದ್ದರಂತೆ. ಮುಂದೆ ಅದೇ ಸ್ಕೂಲಿನ ಬಿಳಿಯ ಹುಡುಗಿಯರು ರಜೆಯಲ್ಲಿ ಸಮುದ್ರತೀರಕ್ಕೆ ಹೋಗಿ ಅದೇ ಜಡೆ ಹಾಕಿಸಿಕೊಂಡು ಬಂದಾಗ ಎಲ್ಲರೂ ಚಂದ ಎಂದರಂತೆ. ಸರಿಯಾಗಿ ಮಾತಾಡು ಎಂದು ಅವನನ್ನು ತಿದ್ದುತ್ತಿದ್ದ ಮ್ಯಾನೇಜರುಗಳು ಖುಷಿ ಬಂದಾಗ ಅವನ ಹಾಗೆಯೇ ಮಾತಾಡಿ ನಗುತ್ತಿದ್ದರಂತೆ.

“ಹಾಡು ಬೇಕು, ನಡಿಗೆ ಬೇಕು, ಮಾತಿನ ಧಾಟಿ ಬೇಕು,” ಎಂದ ಇದ್ರೀಸ್. “ನಾವು ಮನೆಯೊಳಗೆ ಬಂದು ಕೂರುವುದು ಮಾತ್ರ ಬೇಡ.”

ನಾನು ಇದನ್ನೆಲ್ಲ ಪರದೆಯ ಹಿಂದೆ ಒಪ್ಪಿಸಿದೆ. ಬೀಪಾತುಮ್ಮನ ಪಿಂಡಿ ಬೇಕು, ಬೀಪಾತುಮ್ಮ ಬೇಡ ಅಂತ ಆಯ್ತು ಎಂದು ಉಮ್ಮ ಗೊಣಗಿ, ಮೇಲಿನ ಕಪಾಟಿನಿಂದ ಪಿಂಗಾಣಿ ತಟ್ಟೆ ಇಳಿಸಿ, ಅದರಲ್ಲಿ ಖರ್ಜೂರದ ಹಲ್ವ ಹಾಕಿ ಕೊಟ್ಟಳು. ಆದರೂ ಇದ್ರೀಸ್ ಹೋದ ಮೇಲೆ, ಇವನೂ ಸುಳ್ಳು ಹೇಳಿದ್ದರೆ ಎಂದು ಕೇಳದೆ ಬಿಡಲಿಲ್ಲ. ಹಾಡಿನ ಉತ್ತರ ಗೊತ್ತಿದ್ದವನು ಸುಳ್ಳು ಹೇಳುವುದಿಲ್ಲ ಎಂದರು ಉಪ್ಪ. ಆ ವಾರ ಸಮೀರ್ ಅಭ್ಯಾಸಬಲದಿಂದ ಹಾಡು ಎತ್ತಿದಾಗ ನಾನು ಅವನ ಬಾಯಿ ಮುಚ್ಚಿದೆ. ನನಗೆ ಮೋಸಹೋದ ಹಾಗೆ ಅನಿಸುತ್ತಿತ್ತು. ಡೇಲ್‌ನ ಮೇಲಿನ ಪ್ರೀತಿ ಪೂರ್ತಿ ಹೋಗಿರಲಿಲ್ಲ, ಅದು ಇನ್ನೂ ದೊಡ್ಡ ಕಿರಿಕಿರಿ.

ಅಷ್ಟರಲ್ಲಿ ಡೇಲ್ ಹೊಸ ಆಸೆ ಇಟ್ಟುಕೊಂಡು ಬಂದ. ಉಪ್ಪನ ಅಳಿವೆ ಹಾಡನ್ನು ರೆಕಾರ್ಡ್ ಮಾಡಬೇಕು. ಊರಿಗೆ ಹೋದಾಗ ತನ್ನ ಗೆಳೆಯರೊಂದಿಗೆ ಸೇರಿ ಅದರ ಮೇಲೆ ಏನೋ ಕಟ್ಟುತ್ತಾನಂತೆ. ಎಣ್ಣೆಯ ಬೆಲೆ ಬಿದ್ದ ಕಾಲ ಅದು. ಪ್ರತಿ ತಿಂಗಳೂ ಯಾರದೋ ಮನೆಯ ಸಾಮಾನು ಊರಿಗೆ ಹೋಗುವ ಕಾರ್ಗೋ ಪೆಟ್ಟಿಗೆ ಸೇರುತ್ತಿತ್ತು. ಉಪ್ಪನ ಗುತ್ತಿಗೆ ಮುಗಿಯುತ್ತ ಬಂದಿತ್ತು. ಅದು ಮುಂದುವರಿಯಲು, ಅದೂ ಹೆಂಡತಿ ಮಕ್ಕಳನ್ನು ಇಟ್ಟುಕೊಳ್ಳುವ ಸವಲತ್ತಿನೊಂದಿಗೆ ಮುಂದುವರಿಯಲು, ಡೇಲ್ ಮೇಲಿನವರಿಗೆ ಒಂದು ಮಾತು ಬರೆಯಬೇಕಿತ್ತು. ರೆಕಾರ್ಡಿಗೂ ಅದಕ್ಕೂ ಸಂಬಂಧವಿದೆ ಎಂದು ಆತ ಹೇಳಲಿಲ್ಲ. ಸಂಬಂಧವಿಲ್ಲ ಎಂದೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ನಾನು ಕೇಳಿದ ಅತಿ ದೊಡ್ಡ ಜಗಳ ಆ ವಾರ ಆಯಿತು, ಮತ್ತು ಅದರಲ್ಲಿ ಇಬ್ಬರೂ ನನಗೆ ಗೊತ್ತಿದ್ದ ಜಾಗ ಬಿಟ್ಟು ನಿಂತಿದ್ದರು. ಹಾಡಬಾರದು ಎಂದು ಉಮ್ಮ ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು, ಹಾಡಿ ಕೊಟ್ಟುಬಿಡಿ, ಮಕ್ಕಳ ಸ್ಕೂಲು ಉಂಟು ಎಂದಳು. ಯಾರನ್ನೂ ಸಂಶಯಿಸದ ಉಪ್ಪ, ಇದು ನನ್ನದಲ್ಲ ಕೊಟ್ಟುಬಿಡಲಿಕ್ಕೆ ಎಂದರು. ಆಮೇಲೆ ಅವರೇ, ನಮ್ಮ ಕ್ರಮದಲ್ಲಿ ಹಾಡುತ್ತೇನೆ, ಕೇಳಿದರೆ ಕೇಳಲಿ ಎಂದು ಜಗಳ ನಿಲ್ಲಿಸಿದರು. ನನಗೆ ಹೆದರಿಕೆಯಾಗಿತ್ತು. ನಾನು ಹುಟ್ಟಿದ್ದೇ ಅಲ್ಲಿ. ಊರೆಂದರೆ ನನಗೆ ರಜೆಯ ಜಾಗ, ಅಷ್ಟೆ.

ಶುಕ್ರವಾರ ಡೇಲ್ ಅಂಗೈಯಗಲದ ರೆಕಾರ್ಡರನ್ನು ಕಾರ್ಪೆಟ್ಟಿನ ಮಧ್ಯದಲ್ಲಿಟ್ಟ. ಎಸಿಯ ಸದ್ದು ಬರುತ್ತದೆ, ಸ್ವಲ್ಪ ಹೊತ್ತು ನಿಲ್ಲಿಸಬಹುದೇ ಎಂದ. ನಾನು ಪರದೆಯ ಹಿಂದೆ ಹೋಗಿ ಕೇಳಿದೆ. ಹೊರಗೆ ಬೆಂಕಿಯಂಥ ಬಿಸಿಲು, ಸಮೀರನಿಗೆ ಸೆಖೆಬೊಕ್ಕೆ ಎದ್ದಿದೆ, ಆಗುವುದಿಲ್ಲ ಎಂದಳು ಉಮ್ಮ. ಎಸಿ ಗುರುಗುಟ್ಟುತ್ತಲೇ ಇತ್ತು. ಡೇಲ್ ಗುಂಡಿ ಒತ್ತಿದ, ಪುಟ್ಟ ಕೆಂಪು ದೀಪ ಹತ್ತಿತು. ಉಪ್ಪ ದಫ್ ಒರೆಸಿ, ಮಡಿಲಿಗೆ ಏರಿಸಿ, ಕಣ್ಣು ಮುಚ್ಚಿ ಸಲಾಂ ಶುರುಮಾಡಿದರು. ಪುತ್ತುಮೋನು ಉಸ್ತಾದರಿಗೆ. ಹಸೈನಾರ್ ಉಸ್ತಾದರಿಗೆ. ಆ ದಿನ ಅವರು ಬೇಕೆಂದೇ ನಿಧಾನ ಮಾಡಿದರು ಎಂದು ನನಗೆ ಈಗಲೂ ಗುಮಾನಿ. ಡೇಲ್ ಮೊದಲು ನಕ್ಕ, ಆಮೇಲೆ ರೆಕಾರ್ಡರನ್ನು ನೋಡಿದ, ಆಮೇಲೆ ಮೆಲ್ಲಗೆ ಕೈ ಎತ್ತಿದ. ಇದನ್ನು ಬಿಟ್ಟು ನೇರ ಹಾಡಿಗೆ ಬರಬಹುದಾ ಎಂದು ಕೇಳು ಎಂದ ನನಗೆ. ಅದಿಲ್ಲದೆ ಕೈ ಏಳುವುದಿಲ್ಲ ಎಂದರು ಉಪ್ಪ. ಡೇಲ್‌ಗೆ ಬೇಸರವಾದಂತೆ ಕಾಣಲಿಲ್ಲ.

“ತೊಂದರೆ ಇಲ್ಲ, ಹೇಳಲಿ ಬಿಡು,” ಎಂದ ಆತ. “ಆಮೇಲೆ ನಾನು ಆ ಭಾಗವನ್ನು ಕತ್ತರಿಸುತ್ತೇನೆ.”

ಇದನ್ನು ಉಪ್ಪನಿಗೆ ತಿರುಗಿಸಿ ಹೇಳುವುದು ನನ್ನ ಪಾಲಿಗೆ ಬಂತು. ಬದಲಾಯಿಸಿ ಹೇಳಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಪರದೆಯ ಹಿಂದೆ ಉಮ್ಮ ಇದ್ದಳು, ಅವಳಿಗೆ ಒಪ್ಪಿಸುವ ಅಭ್ಯಾಸ ನನ್ನನ್ನು ಬಿಡಲಿಲ್ಲ. ಇದ್ದ ಹಾಗೆಯೇ ಹೇಳಿದೆ. ಉಪ್ಪ ಕಣ್ಣು ತೆರೆದರು. ಆ ನದಿಯ ಹಾಡನ್ನು ನಿಮಗೆ ಕಲಿಸಿದವರ ಹೆಸರೇನು ಎಂದು ಕೇಳಿದರು, ಜಗಳದ ದನಿಯಲ್ಲಲ್ಲ, ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುವವರ ಹಾಗೆ. ಅದಕ್ಕೆಲ್ಲ ಹೆಸರಿಲ್ಲ, ಹಳೆಯ ಹಾಡು, ಗಾಳಿಯಲ್ಲಿತ್ತು ಎಂದ ಡೇಲ್. ಉಪ್ಪ ತಮ್ಮ ಹರಕುಮುರುಕು ಇಂಗ್ಲಿಷಿನಲ್ಲಿ ತಾವೇ ಹೇಳಿದರು, ಹ್ಯಾಟಿ ಎಂದು, ಇದ್ರೀಸನ ಅಜ್ಜಿ ಎಂದು. ಡೇಲ್‌ನ ಕತ್ತು ಕೆಂಪಾಯಿತು. ತಾನು ಆ ಹಾಡನ್ನು ಗೌರವದಿಂದಲೇ ಹಾಡುವುದು, ತಾನು ಹಾಡದಿದ್ದರೆ ಅದನ್ನು ಕೇಳುವವರೇ ಇರುತ್ತಿರಲಿಲ್ಲ ಎಂದು ಬಹಳ ಹೊತ್ತು ವಿವರಿಸಿದ. ಸುಳ್ಳು ಹೇಳುತ್ತಿದ್ದ ಹಾಗೆ ಕಾಣಲಿಲ್ಲ, ಅದನ್ನು ಆತ ನಿಜವಾಗಿಯೂ ನಂಬಿದ್ದ. ಉಪ್ಪ ಪೂರ್ತಿ ಕೇಳಿ, ದಫನ್ನು ಹಸಿರು ಚೀಲಕ್ಕೆ ಹಾಕಿ, ಮೊಳೆಗೆ ಸಿಕ್ಕಿಸಿ, ಊಟ ತರಲು ನನಗೆ ಸನ್ನೆ ಮಾಡಿದರು. ಉಮ್ಮ ತಟ್ಟೆ ನನ್ನ ಕೈಗೆ ಕೊಡುತ್ತ, ಎಂದಿನಂತೆ, ಬೀಪಾತುಮ್ಮನದ್ದು ಎಂದು ಹೇಳು ಎಂದಳು. ನಾನು ಹೇಳಿದೆ. ಡೇಲ್ ಸ್ವಲ್ಪವೇ ತಿಂದು, ರೆಕಾರ್ಡರ್ ಜೇಬಿಗೆ ಹಾಕಿಕೊಂಡು ಹೋದ.

ಉಪ್ಪನ ಗುತ್ತಿಗೆ ಮುಂದುವರಿಯಿತು, ಆದರೆ ಒಂಟಿ ಗಂಡಸಿನ ಲೆಕ್ಕದಲ್ಲಿ. ಅವರು ಕೆಲಸಗಾರರ ಕ್ಯಾಂಪಿಗೆ, ನಾವು ಮೂವರು ಊರಿಗೆ. ಆ ವರ್ಷ ಎಷ್ಟೋ ಸಂಸಾರಗಳಿಗೆ ಹಾಗೆಯೇ ಆಯಿತು, ಇದರಲ್ಲಿ ಡೇಲ್‌ನ ಕೈ ಇರಲಿಲ್ಲ ಎಂದು ಉಪ್ಪ ಇವತ್ತಿಗೂ ಹೇಳುತ್ತಾರೆ. ಉಮ್ಮ ಒಪ್ಪುವುದಿಲ್ಲ. ನಾನು ಯಾರ ಪರ ಎಂದು ಕೇಳಿದರೆ ದಿನಕ್ಕೊಂದು ಉತ್ತರ ಕೊಟ್ಟೇನು. ಹೊರಡುವ ಮುನ್ನ ಇದ್ರೀಸ್ ಅಂಕಲ್ ಬಂದು, ನಮ್ಮ ಪೆಟ್ಟಿಗೆಗಳ ಮೇಲೆ ಕೂತು, ಹಾಡಿನ ಉತ್ತರಗಳನ್ನು ನನಗೂ ಸಮೀರನಿಗೂ ಕಲಿಸಿದ. ಹಾಡಬೇಕಾದರೆ ಮೊದಲು ಅವಳ ಹೆಸರು ಹೇಳಿ ಎಂದ, ಬೇರೇನೂ ಕೇಳಲಿಲ್ಲ. ಉಮ್ಮ ಪರದೆಯ ಹಿಂದಿನಿಂದಲೇ ಅವನ ತಂಗಿಯ ಕ್ಷೇಮ ವಿಚಾರಿಸಿದಳು. ಸಾಸಿನ ಬಾಟಲಿ ಫ್ರಿಜ್ಜಿನ ಮೇಲೆಯೇ ಉಳಿಯಿತು. ಇಷ್ಟು ಬರೆದೂ ನಾನು ಆ ಹಾಡಿನ ಒಂದು ಸಾಲನ್ನೂ ಇಲ್ಲಿ ಕೊಟ್ಟಿಲ್ಲ. ಅದು ನನಗೆ ಹಾಡಲಿಕ್ಕೆ ಸಿಕ್ಕಿದ್ದು, ಅಚ್ಚು ಹಾಕಿಸಲಿಕ್ಕಲ್ಲ.

ಈಗ ಉಪ್ಪ ಕೆಲಸ ಬಿಟ್ಟು ಬಂದಿದ್ದಾರೆ. ಉಮ್ಮನ ಕೈಗೆ ಫೋನು ಬಂದಿದೆ, ಅನುಮಾನಕ್ಕೆ ಹೊಸ ದಾರಿ ಸಿಕ್ಕಿದೆ. ಬಿಳಿಯರು ಯಾರಾದರೂ ಚರ್ಮದ ವಾದ್ಯ ಬಡಿಯುವ ವಿಡಿಯೊ ಕಂಡರೆ ತಂದು ಉಪ್ಪನ ಕಿವಿಗೆ ಹಿಡಿಯುತ್ತಾಳೆ, ನೋಡಿ, ಇದು ನಿಮ್ಮದೇ, ಅವನು ಆವತ್ತು ಕದ್ದುಕೊಂಡು ಹೋದದ್ದು ಎಂದು. ಮೊನ್ನೆಯೂ ಅದೇ ಆಯಿತು. ಉಪ್ಪ ಕೇಳಿ, ಅಲ್ಲ ಎಂದು ತಲೆಯಾಡಿಸಿದರು.

“ಅವನ ಹತ್ತಿರ ಎಂತ ಉಂಟು ಮಾರಾಯ್ತಿ?” ಎಂದರು. “ಉಸ್ತಾದರ ಹೆಸರು ಮಾತ್ರ. ಅದನ್ನು ಕತ್ತರಿಸಿದ್ರೆ ಉಳಿಯುವುದು ನಮ್ಮ ಎಸಿಯ ಸದ್ದು.”

ಉಮ್ಮ ಫೋನನ್ನು ಮತ್ತೆ ತನ್ನ ಕಿವಿಗೆ ಹಿಡಿದು, ಕಣ್ಣು ಸಣ್ಣ ಮಾಡಿ, ಇನ್ನೊಮ್ಮೆ ಕೇಳಿದಳು.

“ಎಸಿ ಆದ್ರೂ ನಮ್ಮದೇ ಅಲ್ವಾ?” ಎಂದಳು.